ಕೈಚಳಕ ಕಲಿಯುವ ಮಗನಿಗೆ ಯಾವ ವೀಡಿಯೊ?



ಒಂಬತ್ತನೇ ತರಗತಿಯ ಮಗ ಇಸ್ಪೀಟು ಎಲೆಗಳನ್ನು ಹಿಡಿದು, ಬಾಗಿಲು ಮುಚ್ಚಿಕೊಂಡು ಮೊಬೈಲಿನ ಮುಂದೆ ಕುಳಿತಿದ್ದರೆ ಯಾವ ತಾಯಿಗಾದರೂ ಎದೆ ಧಸಕ್ಕೆನ್ನುತ್ತದೆ. ಇದು ಜುಗಾರಿಯೋ, ಮಾಟವೋ? ಕೇಳಿದರೆ 'ಜಾದೂ ಕಲಿಯುತ್ತಿದ್ದೇನೆ ಉಮ್ಮಾ' ಎನ್ನುತ್ತಾನೆ. ಗದರಿಸಿ ಎಲೆಗಳನ್ನು ಕಿತ್ತುಕೊಳ್ಳುವುದು ಸುಲಭ. ಆದರೆ ಆಗ ಅವನು ಕಲಿಯುವುದನ್ನು ಬಿಡುವುದಿಲ್ಲ, ನಿಮ್ಮೆದುರು ಕಲಿಯುವುದನ್ನಷ್ಟೇ ಬಿಡುತ್ತಾನೆ. ಅದಕ್ಕಿಂತ ಪಕ್ಕದಲ್ಲಿ ಕುಳಿತು, ಅವನು ನೋಡುತ್ತಿರುವುದನ್ನು ನೀವೂ ನೋಡಿ.

ಮಾಟವೇ ಬೇರೆ, ಕೈಚಳಕವೇ ಬೇರೆ. ಮಾಟಗಾತಿಯರೆಂದು ಬಡ ಮುದುಕಿಯರನ್ನು ಶಿಕ್ಷಿಸುತ್ತಿದ್ದ ಕಾಲದಲ್ಲಿ, 1584ರಲ್ಲಿ, ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್ ಅದನ್ನು ಪ್ರಶ್ನಿಸಿ ಒಂದು ಗ್ರಂಥ ಬರೆದರು. ನಾಣ್ಯ ಮತ್ತು ಎಲೆಗಳ ಆಟಗಳು ಬೆರಳುಗಳ ಚುರುಕಿನಿಂದಲೇ ನಡೆಯುತ್ತವೆಂದು ಅದರಲ್ಲಿ ಬಿಡಿಸಿ ತೋರಿಸಿದರು. ಹಾಗಾಗಿ ಮಗನಿಂದ ಮೊದಲು ಎರಡು ಮಾತು ಪಡೆಯಿರಿ: ಹಣ ಇಟ್ಟು ಆಡಬಾರದು, ತನಗೆ ಯಾವುದೋ ಶಕ್ತಿಯಿದೆಯೆಂದು ಯಾರನ್ನೂ ನಂಬಿಸಬಾರದು. ಎಲೆಗಳೇ ಮನೆಗೆ ಬೇಡವೆನ್ನುವವರಿಗೆ ನಾಣ್ಯ, ಹಗ್ಗ, ರಬ್ಬರ್ ಬ್ಯಾಂಡಿನ ಪಾಠಗಳೂ ಧಾರಾಳವಾಗಿವೆ.

ಇನ್ನು ವೀಡಿಯೊಗಳ ವಿಷಯ. ಇವುಗಳಲ್ಲಿ ಮೂರು ಬಗೆ. ಕೆಲವು ಆಟವನ್ನು ತೋರಿಸುತ್ತವೆ, ಕೆಲವು ಗುಟ್ಟನ್ನು ಹೇಳುತ್ತವೆ, ಕೆಲವು ಮಾತ್ರ ಕಲಿಸುತ್ತವೆ. ಐದು ನಿಮಿಷದಲ್ಲಿ ಹತ್ತು ಗುಟ್ಟು ಹೇಳುವ ವೀಡಿಯೊ ನೋಡಿದ ಹುಡುಗನಿಗೆ ಹತ್ತು ಗುಟ್ಟು ಗೊತ್ತಿರುತ್ತದೆ, ಒಂದು ಆಟವೂ ಬರುವುದಿಲ್ಲ. ಬಿರಿಯಾನಿಗೆ ಏನೇನು ಬೇಕೆಂದು ತಿಳಿದ ಮಾತ್ರಕ್ಕೆ ಬಿರಿಯಾನಿ ಮಾಡಲು ಬಂದೀತೇ?

ಕಲಿಸುವ ವೀಡಿಯೊವನ್ನು ಗುರುತಿಸುವುದು ಕಷ್ಟವಲ್ಲ. ಅದರಲ್ಲಿ ಕಟ್ಟನ್ನು ಹಿಡಿಯುವ ಕ್ರಮ, ಪ್ರತಿ ಬೆರಳಿನ ಜಾಗ ಹೇಳಿರುತ್ತಾರೆ. ಒಂದೇ ಚಳಕವನ್ನು ನಿಧಾನವಾಗಿ ಮತ್ತೆ ಮತ್ತೆ ಮಾಡುತ್ತಾರೆ. ಎದುರಿನಿಂದ ಮಾತ್ರವಲ್ಲ, ಆಡುವವನ ಹೆಗಲ ಮೇಲಿನಿಂದಲೂ ಚಿತ್ರೀಕರಿಸಿರುತ್ತಾರೆ. ಇಲ್ಲವಾದರೆ ಮಗುವಿಗೆ ಎಡಗೈ ಬಲಗೈ ಅದಲುಬದಲಾಗುತ್ತದೆ. ಎಲ್ಲಿ ತಪ್ಪುತ್ತದೆ, ಯಾವ ಕಡೆ ಕುಳಿತವರಿಗೆ ಗುಟ್ಟು ಕಾಣುತ್ತದೆ ಎಂಬುದನ್ನೂ ಹೇಳುತ್ತಾರೆ. ಕೈ ಓಡುವಾಗಲೇ ದೃಶ್ಯ ತುಂಡಾದರೆ ಅದು ಕೈಚಳಕವಲ್ಲ, ಕ್ಯಾಮೆರಾದ ಚಳಕ. ಪಾಠದ ಕೊನೆಗೆ ವಿಶೇಷ ಕಟ್ಟು ಕೊಳ್ಳಿರೆಂದರೆ ಅದು ಪಾಠವಲ್ಲ, ಜಾಹೀರಾತು. ಸಾಮಾನ್ಯ 52 ಎಲೆಗಳ ಕಟ್ಟು ಸಾಕು.

ಪಾಠಗಳಿಗೆ ಕ್ರಮವೂ ಬೇಕು. 1948ರಲ್ಲಿ ಜೀನ್ ಹ್ಯೂಗಾರ್ಡ್ ಮತ್ತು ಫ್ರೆಡರಿಕ್ ಬ್ರಾವೆ ಬರೆದ 'ದಿ ರಾಯಲ್ ರೋಡ್ ಟು ಕಾರ್ಡ್ ಮ್ಯಾಜಿಕ್' ಆರಂಭವಾಗುವುದೇ ಎಲೆ ಕಲಸುವುದರಿಂದ. ಒಂದು ಚಳಕ, ಅದನ್ನು ಬಳಸುವ ಕೆಲವು ಆಟಗಳು, ಬಳಿಕವೇ ಮುಂದಿನ ಚಳಕ. ಆರ್. ಪಾಲ್ ವಿಲ್ಸನ್ ಇದೇ ಪುಸ್ತಕವನ್ನು ಆಧರಿಸಿ ವೀಡಿಯೊ ಪಾಠಗಳನ್ನು ಮಾಡಿದ್ದಾರೆ. ಅಲಿಫ್, ಬಾ ಕಲಿತ ಮೇಲೆ ತಾನೇ ಕೂಡಿಸಿ ಓದುವುದು?

ಮೊದಲ ಆಟಕ್ಕೆ ಚಳಕವೇ ಬೇಡ. ಕಟ್ಟಿನ ಅಡಿಯ ಎಲೆಯನ್ನು ಗುಟ್ಟಾಗಿ ನೋಡಿಟ್ಟುಕೊಳ್ಳುವುದು. ತಂಗಿ ಒಂದು ಎಲೆ ತೆಗೆದು ನೋಡಿ, ಕಟ್ಟಿನ ಮೇಲಿಡಲಿ. ಕೆಳಗಿನ ಅರ್ಧವನ್ನು ಎತ್ತಿ ಮೇಲಿಟ್ಟರೆ, ನೋಡಿಟ್ಟ ಎಲೆಯ ಕೆಳಗೇ ಅವಳ ಎಲೆ ಬಂದು ಕೂರುತ್ತದೆ. ಮೇಲಿನಿಂದ ಒಂದೊಂದಾಗಿ ಮಗುಚುತ್ತಾ ಹೋದರೆ, ನೋಡಿಟ್ಟ ಎಲೆಯ ನಂತರದ್ದೇ ಅವಳದು. ಇಲ್ಲಿ ಕೈಗಿಂತ ಮಾತು ಮುಖ್ಯ. ಆಡುವವನು ಎತ್ತ ನೋಡುತ್ತಾನೋ ನೋಡುವವರ ಕಣ್ಣೂ ಅತ್ತಲೇ ಹೋಗುತ್ತದೆ. ಜನರೆದುರು ಆಡಿ ತೋರಿಸುವ ವೀಡಿಯೊಗಳನ್ನು ಆರಿಸಿದರೆ ಇದೂ ತಿಳಿಯುತ್ತದೆ.

ವಾರಕ್ಕೆ ಒಂದು ವೀಡಿಯೊ ಸಾಕು. ದಿನವೂ ಹದಿನೈದು ನಿಮಿಷ ಮೊಬೈಲ್ ಬದಿಗಿಟ್ಟು ಕನ್ನಡಿಯ ಮುಂದೆ ಅಭ್ಯಾಸ ಮಾಡಲಿ. ವಾರದ ಕೊನೆಗೆ ಮನೆಯವರೆದುರು ಆಡಿ ತೋರಿಸಲಿ. ನಿಮಗೆ ಗುಟ್ಟು ಕಂಡರೂ ಅಲ್ಲೇ ಹೇಳಬೇಡಿ. ಆಮೇಲೆ ಮೆಲ್ಲಗೆ ಅವನ ಕಿವಿಯಲ್ಲಿ ಹೇಳಿ. ಬಾಗಿಲು ಮುಚ್ಚಿಕೊಂಡು ಕಲಿಯುವ ಅಗತ್ಯ ಅವನಿಗೆ ಮತ್ತೆ ಬರಲಾರದು.