ಬ್ರೇಕಿನ ದೋಷಕ್ಕೊಂದು ನ್ಯಾಯ, ಸಾಫ್ಟ್‌ವೇರ್ ದೋಷಕ್ಕೊಂದು ನ್ಯಾಯವೇ?

ಕಾರು ಇಟ್ಟುಕೊಂಡವರಲ್ಲಿ, ಕೊಳ್ಳಲು ಹೊರಟವರಲ್ಲಿ, ಕಾರು ಓಡುವ ರಸ್ತೆಯಲ್ಲಿ ನಡೆದಾಡುವ ಎಲ್ಲರಲ್ಲಿ ಒಂದು ಮನವಿ



2019ರಿಂದೀಚೆಗೆ ನಮ್ಮ ಶೋರೂಮುಗಳಲ್ಲಿ ಇಂಟರ್‌ನೆಟ್ ಕಾರುಗಳ ಭರಾಟೆ. ಮನೆಯಲ್ಲಿ ಕೂತೇ ಮೊಬೈಲಿನಿಂದ ಎ.ಸಿ. ಹಾಕಿ, ಬಾಗಿಲು ತೆಗೆಯಿರಿ, ಕಾರು ಎಲ್ಲಿದೆ ನೋಡಿ ಎನ್ನುತ್ತಾರೆ. ಇದಕ್ಕಾಗಿ ಕಾರಿನೊಳಗೇ ಒಂದು ಸಿಮ್ ಇದೆ. ಅದರ ಮೂಲಕ ಕಾರು ಕಂಪನಿಯ ಸರ್ವರಿನೊಂದಿಗೆ ಸಂಪರ್ಕದಲ್ಲಿರುತ್ತದೆ. ಅದೇ ದಾರಿಯಲ್ಲಿ ಬೇರೆಯವರು ನುಗ್ಗಿದರೆ ಗತಿಯೇನು? ಈ ಪ್ರಶ್ನೆಗೆ ಬ್ರೋಷರಿನಲ್ಲಿ ಉತ್ತರವಿಲ್ಲ.

ಹೆದ್ದಾರಿಯಲ್ಲಿ ನಡೆದದ್ದು

2015ರ ಜುಲೈನಲ್ಲಿ ಬಯಲಾದ ಸಂಗತಿ ಇದು. ಅಮೆರಿಕದ ಸೇಂಟ್ ಲೂಯಿಸ್ ಬಳಿ ಪತ್ರಕರ್ತ ಆ್ಯಂಡಿ ಗ್ರೀನ್‌ಬರ್ಗ್ ಗಂಟೆಗೆ ಸುಮಾರು 110 ಕಿ.ಮೀ. ವೇಗದಲ್ಲಿ ಜೀಪ್ ಚೆರೋಕಿ ಓಡಿಸುತ್ತಿದ್ದರು. ಎ.ಸಿ. ತಾನಾಗಿ ಜೋರಾಯಿತು. ರೇಡಿಯೊ ಅಬ್ಬರಿಸತೊಡಗಿತು. ವೈಪರ್ ಆಡಿತು, ಗಾಜಿನ ಮೇಲೆ ನೀರು ಚಿಮ್ಮಿತು. ಆಮೇಲೆ ಆ್ಯಕ್ಸಿಲರೇಟರ್ ಎಷ್ಟು ತುಳಿದರೂ ಗಾಡಿ ಎಳೆಯಲಿಲ್ಲ. ಹಿಂದಿನಿಂದ ದೊಡ್ಡ ಲಾರಿ ಬರುತ್ತಿತ್ತು. ಇದನ್ನೆಲ್ಲ ಮಾಡಿದ್ದು ಸುಮಾರು 16 ಕಿ.ಮೀ. ದೂರದ ಮನೆಯೊಂದರಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ ಸಂಶೋಧಕರಾದ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಾಲಸೆಕ್. ಪತ್ರಕರ್ತರ ಒಪ್ಪಿಗೆ ಪಡೆದೇ ನಡೆದ ಪರೀಕ್ಷೆ ಅದು. ಇಬ್ಬರೂ ಒಳಹೊಕ್ಕದ್ದು ಹಾಡು ಕೇಳುವ, ಮ್ಯಾಪ್ ನೋಡುವ ಪರದೆಯ ಮೊಬೈಲ್ ಸಂಪರ್ಕದಿಂದ.

ಪರದೆಗೂ ಎಂಜಿನ್‌ಗೂ ಏನು ಸಂಬಂಧ? ಕಾರಿನ ಒಳಗಿನ ಹತ್ತಾರು ಚಿಕ್ಕ ಕಂಪ್ಯೂಟರುಗಳು ಮಾತಾಡಿಕೊಳ್ಳುವುದು ‘ಕ್ಯಾನ್’ ಎಂಬ ಜಾಲದಲ್ಲಿ. ಬಾಷ್ ಕಂಪನಿ ಅದನ್ನು ಲೋಕದ ಮುಂದಿಟ್ಟಿದ್ದು 1986ರಲ್ಲಿ, ಕಾರಿಗೆ ಇಂಟರ್‌ನೆಟ್ ಬರುವ ಮಾತೇ ಇಲ್ಲದಿದ್ದ ಕಾಲದಲ್ಲಿ. ಆದೇಶ ಕಳಿಸಿದವರು ಯಾರೆಂದು ವಿಚಾರಿಸುವ ಪದ್ಧತಿ ಅದರ ಮೂಲ ವಿನ್ಯಾಸದಲ್ಲಿಲ್ಲ. ಒಮ್ಮೆ ಒಳಹೊಕ್ಕವನ ಆದೇಶವೂ ಅಸಲಿ ಆದೇಶದಂತೆಯೇ ನಡೆಯುತ್ತದೆ.

ಸುದ್ದಿ ಹೊರಬಿದ್ದ ಕೆಲವೇ ದಿನಗಳಲ್ಲಿ, ಜೀಪ್ ತಯಾರಿಸುತ್ತಿದ್ದ ಫಿಯೆಟ್ ಕ್ರೈಸ್ಲರ್ ಕಂಪನಿ 14 ಲಕ್ಷ ವಾಹನಗಳನ್ನು ದುರಸ್ತಿಗಾಗಿ ವಾಪಸ್ ಕರೆಯಿತು.

ಇದು ಹಳೆಯ ಕತೆ ಎನ್ನಬೇಡಿ. 2024ರಲ್ಲಿ ಕಿಯಾ ಕಂಪನಿಯ ಜಾಲತಾಣದ ದೋಷದಿಂದ ಅಮೆರಿಕದಲ್ಲಿ ಬರೀ ನಂಬರ್ ಪ್ಲೇಟ್ ಗೊತ್ತಿದ್ದರೆ ಸಾಕಿತ್ತು, ಕಾರಿನ ಬಾಗಿಲು ತೆಗೆಯಬಹುದಿತ್ತು, ಎಂಜಿನ್ ಚಾಲೂ ಮಾಡಬಹುದಿತ್ತು. ಸಂಶೋಧಕರು ತಿಳಿಸಿದ ಮೇಲೆ ಕಂಪನಿ ಅದನ್ನು ಸರಿಪಡಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಸಮೂಹದ ಸುಮಾರು 8 ಲಕ್ಷ ಎಲೆಕ್ಟ್ರಿಕ್ ಕಾರುಗಳ ಮಾಹಿತಿ ಕಾವಲಿಲ್ಲದೆ ಬಿದ್ದಿದ್ದದ್ದು ಜರ್ಮನಿಯಲ್ಲಿ ಬಯಲಾಯಿತು. ಲಕ್ಷಾಂತರ ಕಾರುಗಳು ಎಲ್ಲಿ ನಿಂತಿದ್ದವು ಎಂಬ ವಿವರವೂ ಅದರಲ್ಲಿತ್ತು.

ನಮ್ಮ ಕಾನೂನಿಗೆ ಕಾಣದ ದೋಷ

‘ನಮ್ಮಲ್ಲಿ ಯಾರ ಕಾರಿಗೆ ಹೀಗಾಗಿದೆ?’ ಎಂದು ಕೇಳುವವರಿದ್ದಾರೆ. ಫಿಯೆಟ್ ಕ್ರೈಸ್ಲರ್ ವಾಪಸ್ ಕರೆದ ವಾಹನಗಳ ಬಗ್ಗೆಯೂ ಗ್ರಾಹಕರ ಒಂದು ದೂರೂ ಬಂದಿಲ್ಲ, ಒಂದು ಅಪಘಾತವೂ ಆಗಿಲ್ಲ ಎಂದು ಕಂಪನಿಯೇ ಹೇಳಿತ್ತು. ಆದರೂ 14 ಲಕ್ಷ ವಾಹನಗಳಲ್ಲಿ ಹೊರಗಿನವರು ನುಗ್ಗಲು ದಾರಿ ತೆರೆದೇ ಇತ್ತು. ಬ್ರೇಕು ಸವೆದರೆ ಕಾಲಿಗೆ ಗೊತ್ತಾಗುತ್ತದೆ. ಸಾಫ್ಟ್‌ವೇರಿನ ತೂತು ಓಡಿಸುವವರಿಗೆ ತಿಳಿಯುವುದೇ ಇಲ್ಲ.

ನಮ್ಮಲ್ಲಿ 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ 110-ಎ ಕಲಂ ಸೇರಿದೆ. ಅಪಾಯಕಾರಿ ದೋಷವಿರುವ ವಾಹನಗಳನ್ನು ವಾಪಸ್ ಕರೆಸಿಕೊಳ್ಳಿ ಎಂದು ಕೇಂದ್ರ ಸರ್ಕಾರ ಕಂಪನಿಗೆ ಆದೇಶಿಸಬಹುದು. ಒಳ್ಳೆಯ ಕಲಂ. ಆದರೆ ಅದು ಮೊದಲು ನೋಡುವುದು ಎಷ್ಟು ಮಾಲೀಕರು ದೂರು ಕೊಟ್ಟರು ಎಂಬುದನ್ನು. ಕಣ್ಣಿಗೆ ಕಾಣದ ದೋಷಕ್ಕೆ ದೂರು ಕೊಡುವವರು ಯಾರು? ಪರೀಕ್ಷಾ ಸಂಸ್ಥೆ ಅಥವಾ ‘ಇತರ ಯಾವುದೇ ಮೂಲ’ದಿಂದ ತಿಳಿದರೂ ಸಾಕೆಂದು ಅದೇ ಕಲಂ ಹೇಳುತ್ತದೆ. ಆ ಬಾಗಿಲನ್ನು ಪೂರ್ತಿ ತೆರೆಯಿರಿ ಎಂಬುದೇ ನಮ್ಮ ಒತ್ತಾಯ.

ನಮ್ಮ ಹಕ್ಕೊತ್ತಾಯಗಳು

1. ದೂರದಿಂದ ಕಾರನ್ನು ವಶಕ್ಕೆ ತೆಗೆದುಕೊಳ್ಳಲು ಆಸ್ಪದ ಕೊಡುವ ಸಾಫ್ಟ್‌ವೇರ್ ಲೋಪ ‘ದೋಷ’ವೇ ಎಂದು ನಿಯಮದಲ್ಲಿ ಸ್ಪಷ್ಟವಾಗಿ ಬರೆಯಬೇಕು. ಒಬ್ಬ ಸಂಶೋಧಕ ಸಾಬೀತುಪಡಿಸಿದರೂ ವಿಚಾರಣೆ ನಡೆಯಬೇಕು.

2. ಒಳ್ಳೆಯ ಉದ್ದೇಶದಿಂದ ಲೋಪ ಹುಡುಕಿ ಕಂಪನಿಗೆ ತಿಳಿಸುವವರ ಮೇಲೆ ಕೇಸು ಹಾಕಬಾರದು. ಜಗತ್ತಿನ ದೊಡ್ಡ ಕಾರು ಕಂಪನಿಗಳ ಸಾಫ್ಟ್‌ವೇರ್ ಬರೆಯುವ ಎಂಜಿನಿಯರುಗಳು ಬೆಂಗಳೂರಿನಲ್ಲಿದ್ದಾರೆ. ಲೋಪ ಹಿಡಿಯಬಲ್ಲವರೂ ಇಲ್ಲೇ ಇದ್ದಾರೆ. ಅವರಿಗೆ ರಕ್ಷಣೆ ಬೇಕು.

3. ಯುರೋಪಿನಲ್ಲಿ 2024ರ ಜುಲೈನಿಂದ ಸೈಬರ್ ಸುರಕ್ಷತೆಯ ನಿಯಮ ಪಾಲಿಸದ ಹೊಸ ಕಾರು ಮಾರುವಂತಿಲ್ಲ. ಇಲ್ಲಿನ ಗ್ರಾಹಕರಿಗೂ ಅಷ್ಟೇ ರಕ್ಷಣೆ ಸಿಗಬೇಕು.

4. ಸುರಕ್ಷತೆಯ ಅಪ್‌ಡೇಟ್ ಎಷ್ಟು ವರ್ಷ ಉಚಿತ ಎಂಬುದನ್ನು ಬಿಲ್ಲಿನ ಜೊತೆ ಬರೆದು ಕೊಡಬೇಕು. ಕಾರಿನ ನೋಂದಣಿ 15 ವರ್ಷಕ್ಕಿದೆ. ಅಪ್‌ಡೇಟೂ ಅಷ್ಟು ಕಾಲ ಬರಲಿ.

ಇಂದೇ ನೀವು ಮಾಡಬಹುದಾದದ್ದು

ಕಾರು ಕೊಳ್ಳುವಾಗ ಅಪ್‌ಡೇಟಿನ ಅವಧಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಸೆಕೆಂಡ್ ಹ್ಯಾಂಡ್ ಕಾರು ಕೊಂಡರೆ ಹಳೆಯ ಮಾಲೀಕರ ಆ್ಯಪ್ ಸಂಪರ್ಕ ತೆಗೆಸದೆ ಮನೆಗೆ ತರಬೇಡಿ. ಮಾರುವಾಗ ನಿಮ್ಮ ಫೋನಿನ ವಿವರಗಳನ್ನು ಪರದೆಯಿಂದ ಅಳಿಸಿ. ಕಂಪನಿಯಿಂದ ಅಪ್‌ಡೇಟ್ ಬಂದರೆ ಮುಂದೂಡಬೇಡಿ.

ಈ ನಾಲ್ಕು ಬೇಡಿಕೆಗಳನ್ನು ನಿಮ್ಮ ಸಂಸದರಿಗೂ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯಕ್ಕೂ ಒಂದು ಕಾಗದದಲ್ಲಿ ಬರೆದು ಕಳಿಸಿ. ಅಪಘಾತವಾದ ಮೇಲೆ ತನಿಖೆ ಕೇಳುವುದಕ್ಕಿಂತ ಈಗಲೇ ಕಾನೂನು ಕೇಳುವುದು ಲೇಸು.

ಓದಿದ ಮೇಲೆ ಇನ್ನೊಬ್ಬರ ಕೈಗೆ ಕೊಡಿ.