ಹಂಡೆ ಹೋದರೂ ಹಬ್ಬವಿರಲಿ

ನರಕಚತುರ್ದಶಿಯ ಹಿಂದಿನ ಸಂಜೆಗೆ ನಮ್ಮ ಸೀಮೆಯಲ್ಲಿ ನೀರು ತುಂಬುವ ಹಬ್ಬವೆಂದು ಹೆಸರು. ಚನ್ನಗಿರಿಯ ಅಡಿಕೆತೋಟದ ಮನೆಯಾಗಲಿ, ಹೊನ್ನಾಳಿಯ ಹೊಳೆದಂಡೆಯ ಮನೆಯಾಗಲಿ, ನ್ಯಾಮತಿ ಜಗಳೂರುಗಳ ಮನೆಯಾಗಲಿ, ಅಂದು ಬಚ್ಚಲ ಹಂಡೆಯನ್ನು ಬರಿದುಮಾಡಿ, ಹುಣಿಸೆಹಣ್ಣಿನಿಂದ ತಿಕ್ಕಿ ಬೆಳಗಿ, ಒಲೆಯ ಬೂದಿ ತೆಗೆದು, ಹೊಗೆಗಿಂಡಿಯ ಮಸಿ ಉಜ್ಜಿ, ಹೊಸ ನೀರು ತುಂಬಿ, ಕಂಠಕ್ಕೆ ಹೂವು ಸುತ್ತಿ ಪೂಜಿಸುವುದು ವಾಡಿಕೆ. ಇದರಲ್ಲಿ ಪೂಜೆ ಎಷ್ಟಿದೆಯೋ ಪರೀಕ್ಷೆಯೂ ಅಷ್ಟೇ ಇದೆ. ಹಂಡೆಯ ತಳ ಸವೆದಿದೆಯೇ, ಬೆಸುಗೆ ಬಿಟ್ಟಿದೆಯೇ, ಹೊಗೆಯ ದಾರಿ ತೆರೆದಿದೆಯೇ ಎಂಬುದೆಲ್ಲವೂ ಆ ಒಂದು ಸಂಜೆಯಲ್ಲಿ ಗೃಹಿಣಿಯ ಕಣ್ಣಿಗೆ ಬೀಳುತ್ತಿತ್ತು. ಹಿರಿಯರು ವರ್ಷಕ್ಕೊಂದಾವೃತ್ತಿಯ ದುರಸ್ತಿಯನ್ನು ಹಬ್ಬದೊಳಗೆ ಹುದುಗಿಸಿಟ್ಟಿದ್ದರು.

ಈಗ ಅನೇಕ ಮನೆಗಳಲ್ಲಿ ಹಂಡೆ ಅಟ್ಟವನ್ನೇರಿದೆ. ಅದರ ಸ್ಥಾನಕ್ಕೆ ವಿದ್ಯುತ್ತಿನ ಗೀಸರ್, ಅನಿಲದ ಗೀಸರ್, ಮಾಳಿಗೆಯ ಮೇಲಣ ಸೋಲಾರ್, ಬಕೆಟ್ಟಿನಲ್ಲಿ ಅದ್ದುವ ಕಾಯಿಲ್ ಇವು ಬಂದಿವೆ. ಹಬ್ಬದ ದಿನ ಒಂದು ತಂಬಿಗೆಗೆ ಹೂವೇರಿಸಿ ಶಾಸ್ತ್ರ ಮುಗಿಸುತ್ತೇವೆ. ಗೋಡೆಯ ಮೇಲಿನ ಯಂತ್ರದ ಕಡೆಗೆ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಅದು ಕೆಟ್ಟು ನಿಂತಾಗಲೇ ನೆನಪು. ಹಂಡೆ ಹೋದರೂ ಆ ಪರೀಕ್ಷೆ ಹೋಗಬಾರದೆಂಬುದೇ ಈ ತಿಂಗಳ ನಮ್ಮ ಅರಿಕೆ.

ಮೊದಲು ನೀರಿನ ವಿಚಾರ. ತುಂಗಭದ್ರೆಯ ದಡದ ಹೊನ್ನಾಳಿಯಲ್ಲಿ ಹೊಳೆಯ ನೀರು ಸಾಮಾನ್ಯವಾಗಿ ಮೃದು. ಮಳೆ ಕಡಮೆಯಾದ ಜಗಳೂರು ಸೀಮೆ ಆಳವಾದ ಕೊಳವೆಬಾವಿಗಳನ್ನು ನೆಚ್ಚಿದ್ದು; ಬಂಡೆಯ ಸಂದಿಯಲ್ಲಿ ಬಹುಕಾಲ ನಿಂತ ನೀರು ಸುಣ್ಣ, ಮೆಗ್ನೀಸಿಯಂ ಮೊದಲಾದ ಲವಣಗಳನ್ನು ಕರಗಿಸಿಕೊಂಡು ಗಡಸಾಗಿ ಬರುತ್ತದೆ. ಯಾವ ಊರಿನಲ್ಲೇ ಆಗಲಿ, ಸಾಬೂನು ನೊರೆಗಟ್ಟದಿದ್ದರೆ, ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕೂತರೆ, ನೀರು ಗಡಸೆಂದು ತಿಳಿಯಬೇಕು. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನಕ್ಕೆ ಲೀಟರಿಗೆ ೨೦೦ ಮಿಲಿಗ್ರಾಂ ಸ್ವೀಕಾರಾರ್ಹವೆಂದೂ, ಬೇರೆ ನೀರೇ ಸಿಕ್ಕದಿದ್ದಲ್ಲಿ ೬೦೦ರವರೆಗೆ ಸಹ್ಯವೆಂದೂ ಹೇಳಿದೆ.

ಗಡಸು ನೀರು ಕಾದಾಗ ಅದರ ಸುಣ್ಣ ಬೇರ್ಪಟ್ಟು, ಕಾಯಿಸುವ ಸುರುಳಿಯ ಮೇಲೆಯೇ ಕಂಬಳಿಯಂತೆ ಹೊದ್ದುಕೊಳ್ಳುತ್ತದೆ. ಶಾಖ ನೀರಿಗೆ ಇಳಿಯಲಾರದೆ ಸುರುಳಿಯಲ್ಲಿಯೇ ನಿಂತು ಅದನ್ನು ಸುಡುತ್ತದೆ. ೧೫ ಲೀಟರ್ ನೀರನ್ನು ೨೫ ಡಿಗ್ರಿಯಿಂದ ೬೦ ಡಿಗ್ರಿಗೆ ಏರಿಸಲು ಮುಕ್ಕಾಲು ಯೂನಿಟ್ಟಿಗಿಂತ ಕಡಮೆ ವಿದ್ಯುತ್ತು ಸಾಕು. ೨ ಕಿಲೋವಾಟಿನ ಗೀಸರಿಗೆ ಅದು ಸುಮಾರು ೨೦ ನಿಮಿಷದ ಕೆಲಸ. ವಾಚಕರು ಗಡಿಯಾರವಿಟ್ಟು ನೋಡಲಿ. ಕಾಲ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದ್ದರೆ ಒಳಗೆ ಸುಣ್ಣ ಕೂತಿದೆಯೆಂದು ಶಂಕಿಸಬಹುದು. ಗಡಸು ನೀರಿನ ಊರಿನಲ್ಲಿ ವರ್ಷಕ್ಕೊಮ್ಮೆ, ಮಿಕ್ಕ ಕಡೆ ಎರಡು ವರ್ಷಕ್ಕೊಮ್ಮೆಯಾದರೂ, ಬಲ್ಲ ಕೆಲಸಗಾರನಿಂದ ಬಿಚ್ಚಿಸಿ ತೊಳೆಯಿಸುವುದು ಲೇಸು. ತೊಟ್ಟಿಯೊಳಗೆ ಮೆಗ್ನೀಸಿಯಮ್ಮಿನ ಒಂದು ಕಡ್ಡಿ ಇರುವುದುಂಟು. ತಾನು ಸವೆದು ತೊಟ್ಟಿಯನ್ನು ತುಕ್ಕಿನಿಂದ ಕಾಯುವುದೇ ಅದರ ಧರ್ಮ. ಅದು ಸವೆದುಹೋದ ಮೇಲೆ ತುಕ್ಕು ತೊಟ್ಟಿಗೇ ಕೈಹಾಕುವುದರಿಂದ, ತೊಳೆಯುವ ದಿನವೇ ಅದನ್ನು ನೋಡಿ ಬದಲಿಸತಕ್ಕದ್ದು.

ಗೀಸರಿನ ಕೆಳಗೆ ಒತ್ತಡವನ್ನು ಹೊರಬಿಡುವ ಚಿಕ್ಕ ಕವಾಟವೊಂದಿರುತ್ತದೆ. ಅದು ತೊಟ್ಟಿಕ್ಕುವುದೆಂದು ಬಿರಟೆ ಹೆಟ್ಟಿ ಮುಚ್ಚುವವರುಂಟು. ಇದು ಕುದಿಯುವ ಗಡಿಗೆಯ ಬಾಯನ್ನು ಬಿಗಿದಂತೆ; ತೊಟ್ಟಿಯೇ ಸಿಡಿಯಬಹುದು. ಕವಾಟ ಕೆಟ್ಟರೆ ಹೊಸದನ್ನು ಹಾಕಿಸಬೇಕಲ್ಲದೆ ಮುಚ್ಚಬಾರದು. ಕಾಯಿಲ್ ಉಳ್ಳವರು ಅದನ್ನು ನೀರಿನಲ್ಲಿ ಅದ್ದಿದ ಮೇಲೆ ಸ್ವಿಚ್ ಹಾಕತಕ್ಕದ್ದು; ಸ್ವಿಚ್ ಆರಿಸಿ ಪ್ಲಗ್ಗನ್ನು ಕಿತ್ತ ಮೇಲೆಯೇ ನೀರನ್ನು ಮುಟ್ಟತಕ್ಕದ್ದು. ನೀರು ಕಾದಿದೆಯೇ ಎಂದು ಬೆರಳದ್ದಿ ನೋಡುವ ಅಭ್ಯಾಸದಿಂದ ಪ್ರಾಣ ಹೋದ ನಿದರ್ಶನಗಳುಂಟು. ಮಕ್ಕಳು ಸುಳಿದಾಡುವ ಮನೆಯಲ್ಲಿ ಅದು ಬೇಡವೆಂದೇ ನಮ್ಮ ಮತ.

ಇನ್ನು ಅತ್ಯಂತ ಮುಖ್ಯವಾದ ಮಾತು. ಅನಿಲವು ಪೂರ್ಣವಾಗಿ ಉರಿಯಬೇಕಾದರೆ ಅದರ ೨೫–೩೦ ಪಾಲು ಗಾಳಿ ಬೇಕು. ಬಾಗಿಲು ಕಿಟಕಿ ಬಿಗಿದ ಚಿಕ್ಕ ಬಚ್ಚಲಿನಲ್ಲಿ ಅಷ್ಟು ಗಾಳಿ ಬಹುಬೇಗ ತೀರಿಹೋಗುತ್ತದೆ. ಆಗ ಅರೆಬರೆ ಉರಿದ ಅನಿಲದಿಂದ ಕಾರ್ಬನ್ ಮಾನಾಕ್ಸೈಡೆಂಬ ವಿಷವಾಯು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ, ಕೆಮ್ಮಿಲ್ಲ. ರಕ್ತದಲ್ಲಿ ಪ್ರಾಣವಾಯುವನ್ನು ಹೊರುವ ಕಣಕ್ಕೆ ಅದು ಪ್ರಾಣವಾಯುವಿಗಿಂತ ೨೦೦ಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. ಸ್ನಾನಕ್ಕೆ ಹೋದವರಿಗೆ ತಲೆನೋವು, ತಲೆಸುತ್ತು, ಓಕರಿಕೆ ಬಂದು, ಕಾಲಿನ ಶಕ್ತಿ ಕುಂದಿ, ಅಗುಳಿ ತೆಗೆಯುವಷ್ಟೂ ತ್ರಾಣವಿಲ್ಲದೆ ಕುಸಿಯುತ್ತಾರೆ. ಹೊರಗಿನವರಿಗೆ ನೀರು ಸುರಿಯುವ ಸದ್ದು ಮಾತ್ರ ಕೇಳುತ್ತಿರುತ್ತದೆ. ಗಟ್ಟಿಮುಟ್ಟಾದ ತರುಣರೂ, ನವದಂಪತಿಗಳೂ ಹೀಗೆ ಬಚ್ಚಲಿನಲ್ಲಿ ಪ್ರಾಣ ಬಿಟ್ಟ ವಾರ್ತೆಗಳು ಈಚಿನ ವರ್ಷಗಳಲ್ಲಿ ಮತ್ತೆಮತ್ತೆ ಬಂದಿವೆ.

ಹಂಡೆಯ ಒಲೆಯೂ ಇದೇ ವಿಷವನ್ನು ಉಗುಳುತ್ತಿತ್ತು. ಆದರೆ ಹಳೆಯ ಬಚ್ಚಲಿಗೆ ಹೆಂಚಿನ ಸಂದಿಯಿತ್ತು, ಹೊಗೆಗಿಂಡಿಯಿತ್ತು. ಕೆಲವು ಮನೆಗಳಲ್ಲಿ ಒಲೆಯ ಬಾಯಿ ಗೋಡೆಯಾಚೆಗೇ ಇರುತ್ತಿತ್ತು. ನಾವು ಒಲೆಯನ್ನು ಬದಲಿಸಿದೆವು. ಅದರೊಡನೆ ಗಿಂಡಿಯನ್ನೂ ಮುಚ್ಚಿದೆವು. ಅಪಾಯದ ಮೂಲ ಇಲ್ಲಿದೆ. ಆದುದರಿಂದ ಅನಿಲದ ಗೀಸರನ್ನೂ ಅದರ ಸಿಲಿಂಡರನ್ನೂ ಬಚ್ಚಲಿನ ಹೊರಗೆ, ಗಾಳಿಯಾಡುವ ಸ್ಥಳದಲ್ಲಿ ಇರಿಸಿ, ಬಿಸಿನೀರನ್ನು ಮಾತ್ರ ಕೊಳವೆಯಿಂದ ಒಳಕ್ಕೆ ತರತಕ್ಕದ್ದು. ಜ್ವಾಲೆ ನೀಲಿಯಾಗಿರಬೇಕು; ಹಳದಿಗೆ ತಿರುಗಿ ಮಸಿ ಕಟ್ಟಿದರೆ ಅಂದೇ ನಿಲ್ಲಿಸಿ ದುರಸ್ತಿ ಮಾಡಿಸಬೇಕು. ಒಳಗಿದ್ದವರು ಕೂಗಿದರೂ ಓಗೊಡದಿದ್ದರೆ ಬಾಗಿಲು ಮುರಿಯಲು ಹಿಂಜರಿಯಲಾಗದು. ಒಡನೆ ಅವರನ್ನು ಬಯಲಿಗೆ ತಂದು, ಅನಿಲವನ್ನು ಆರಿಸಿ, ೧೦೮ಕ್ಕೆ ಕರೆ ಮಾಡಬೇಕು.

ಅಮೆರಿಕ ಮೊದಲಾದ ದೇಶಗಳಲ್ಲಿ ಮನೆಯನ್ನೇ ಚಕ್ರಗಳ ಮೇಲೆ ಕಟ್ಟಿಕೊಂಡು ಸಂಚರಿಸುವ ವಾಹನಗಳುಂಟು. ಅಲ್ಲಿಗೆ ಹೋದ ನಮ್ಮ ಮಕ್ಕಳೂ ರಜೆಯಲ್ಲಿ ಅವುಗಳಲ್ಲಿ ತಿರುಗುತ್ತಾರೆ. ಅವುಗಳ ಗೀಸರಿನ ತೊಟ್ಟಿ ಹೆಚ್ಚಾಗಿ ೬ ಗ್ಯಾಲನ್, ಎಂದರೆ ಸುಮಾರು ೨೩ ಲೀಟರಿನದು. ಉರಿಯ ಗೂಡನ್ನು ವಾಸದ ಸ್ಥಳದಿಂದ ಬೇರ್ಪಡಿಸಿ, ಹೊರಗಿನ ಗಾಳಿಯಿಂದಲೇ ಉರಿಸಿ, ಹೊಗೆಯನ್ನು ಹೊರಕ್ಕೇ ಬಿಡುತ್ತಾರೆ. ತೊಟ್ಟಿ ತುಂಬದೆ ಉರಿ ಹಚ್ಚಬಾರದು. ಹಿಮ ಬೀಳುವ ಮುನ್ನ, ನೀರು ಹೆಪ್ಪುಗಟ್ಟಿ ತೊಟ್ಟಿ ಒಡೆಯದಂತೆ, ಅದನ್ನು ಬರಿದು ಮಾಡಬೇಕು. ಚಕ್ರದ ಮೇಲಿನ ಗೇಣುದ್ದದ ಕೋಣೆಯಲ್ಲಿ ಪಾಲಿಸುವ ನಿಯಮವನ್ನು ನೆಲದ ಮೇಲಿನ ಮನೆಯಲ್ಲಿ ಪಾಲಿಸಲು ನಮಗೇನು ಅಡ್ಡಿ?

ಸೋಲಾರಿಗೆ ಹೊಗೆಯ ಭಯವಿಲ್ಲ. ನಮ್ಮ ಸೀಮೆ ಸುಮಾರು ೧೪ ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಅದರ ಮುಖ ದಕ್ಷಿಣಕ್ಕಿರಬೇಕು. ಗಾಜಿನ ಧೂಳನ್ನು ಆಗಾಗ ಒರೆಸುತ್ತಿರಬೇಕು. ನೀರು ನಿಂತು ಗಾಜಿನ ಕೊಳವೆಗಳು ಬಿಸಿಲಿಗೆ ಒಣಗಿ ಕಾದಿದ್ದಾಗ ನಡುಹಗಲಿನಲ್ಲಿ ತಣ್ಣೀರು ಬಿಟ್ಟರೆ ಅವು ಬಿರಿಯುತ್ತವೆ. ನೀರು ನಾಲ್ಕು ದಿನಕ್ಕೊಮ್ಮೆ ಬರುವ ಊರುಗಳಲ್ಲಿ ಇದು ನೆನಪಿರಲಿ. ಮುಂಜಾನೆ ಅಥವಾ ಹೊತ್ತು ಮುಳುಗಿದ ಮೇಲೆ ತುಂಬಿಸಬೇಕು.

ಕಾದ ನೀರಿನ ಬಳಕೆಯಲ್ಲಿಯೂ ವಿವೇಕ ಬೇಕು. ೬೦ ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಮಗುವಿನ ಚರ್ಮವನ್ನು ಸುಡಬಲ್ಲದು. ಬಕೆಟ್ಟಿಗೆ ಮೊದಲು ತಣ್ಣೀರು, ಅನಂತರ ಬಿಸಿನೀರು ಎಂಬುದು ಕ್ರಮ. ಬಿಸಿನೀರು ದೇಹದ ಕೆಳಭಾಗಕ್ಕೆ ಬಲಕಾರಿ, ತಲೆಗೆ ಸುರಿದರೆ ಕೂದಲಿಗೂ ಕಣ್ಣಿಗೂ ಹಾನಿಯೆಂದು ವಾಗ್ಭಟನು ಅಷ್ಟಾಂಗಹೃದಯದಲ್ಲಿ ಹೇಳಿದ್ದಾನೆ. ಗೀಸರಿನ ನೀರನ್ನು ಅಡಿಗೆಗೆ ಬಳಸುವುದು ಬೇಡ. ಜಗಳೂರು ಸೀಮೆಯ ಅಂತರ್ಜಲದಲ್ಲಿರುವ ಫ್ಲೋರೈಡು ಕಾಯಿಸಿದರೆ ಹೋಗತಕ್ಕದ್ದಲ್ಲ. ನೀರು ಕುದಿದು ಇಂಗಿದಷ್ಟೂ ಸಾಂದ್ರವಾಗುತ್ತದೆ.

ಬರುವ ನೀರು ತುಂಬುವ ಹಬ್ಬಕ್ಕೆ ಒಂದು ವಾರ ಮೊದಲೇ ಕೆಲಸಗಾರನಿಗೆ ಹೇಳಿಕಳುಹಿಸಿ. ಸುಣ್ಣ ತೆಗೆಸಿ, ಕವಾಟವನ್ನೂ ಅರ್ತಿಂಗ್ ತಂತಿಯನ್ನೂ ನೋಡಿಸಿ. ಹಬ್ಬದ ಸಂಜೆ ಮನೆಯ ಯಜಮಾನನು ಬಚ್ಚಲ ಗವಾಕ್ಷಿಗೆ ಹೊಡೆದ ಹಲಗೆಯನ್ನು ತನ್ನ ಕೈಯಾರೆ ಕಿತ್ತುಹಾಕಲಿ. ಅನಂತರ ಗೀಸರಿಗೂ ಒಂದು ಹೂವಿರಲಿ. ಮರುದಿನದ ಎಣ್ಣೆಸ್ನಾನ ಎಲ್ಲರಿಗೂ ಸುಖಕರವಾಗಲಿ.