ಪೂಲ್ ಮೇಜಿನ ಅಂಚು: ರಬ್ಬರಿನ ಚುರುಕೋ, ಮೂಗಿನ ಎತ್ತರವೋ?

ಪೂಲ್ ಆಟದ ಮೇಜನ್ನು ಮನೆಯಲ್ಲಿಯೇ ಇಟ್ಟುಕೊಳ್ಳುವ ರೂಢಿ ಅಮೆರಿಕದಲ್ಲಿ ಹೆಚ್ಚು. ತಂದೆಯ ಕಾಲದಿಂದ ಮಗನ ಕಾಲಕ್ಕೆ ಇಳಿದುಬಂದ ಮೇಜುಗಳು ಅಲ್ಲಿಯ ಮನೆಗಳ ನೆಲಮಾಳಿಗೆಗಳಲ್ಲಿ ಎಷ್ಟೋ ಉಂಟು. ಆ ದೇಶದಲ್ಲಿ ನೆಲಸಿದ ಕನ್ನಡಿಗನೊಬ್ಬ ಹಳೆಯ ಮನೆಯೊಂದನ್ನು ಕೊಂಡಾಗ, ಹೊತ್ತೊಯ್ಯಲಾರದೆ ಹಿಂದಿನವರು ಬಿಟ್ಟುಹೋದ ಇಂಥದೊಂದು ಮೇಜಿಗೂ ಒಡೆಯನಾಗಬಹುದು. ಮರ ಗಟ್ಟಿಯಾಗಿದೆ, ಸ್ಲೇಟು ಕಲ್ಲಿನ ಹಾಸು ಮಟ್ಟವಾಗಿದೆ, ಆದರೆ ಅಂಚಿಗೆ ಬಡಿದ ಚೆಂಡು ಮಾತ್ರ ದಣಿದವನಂತೆ ಹಿಂದಿರುಗುತ್ತದೆ. ಆಗ ಅವನು ಮಾರುವವನ ಬಳಿ ಹೋಗಿ, ‘ಎಲ್ಲಕ್ಕಿಂತ ಚುರುಕಾದ ರಬ್ಬರು ಯಾವುದು?’ ಎಂದು ವಿಚಾರಿಸುತ್ತಾನೆ. ಈ ಪ್ರಶ್ನೆಯೇ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಅವನು ಕೇಳಬೇಕಾದುದು ರಬ್ಬರಿನ ಚುರುಕನ್ನಲ್ಲ, ಅದರ ಆಕಾರವನ್ನು. ಅದಕ್ಕಿಂತ ಮೊದಲು ತನ್ನ ಮೇಜಿನ ಅಳತೆಯನ್ನು.

ಮೇಜಿನ ರಚನೆಯನ್ನು ಕಾಣದ ವಾಚಕರಿಗಾಗಿ ಎರಡು ಮಾತು ಹೇಳುವುದು ಅವಶ್ಯ. ಹಾಸುಗಲ್ಲಿನ ಸುತ್ತ ಆರು ಮರದ ಪಟ್ಟಿಗಳನ್ನು ಬೋಲ್ಟುಗಳಿಂದ ಬಿಗಿದಿರುತ್ತಾರೆ. ನಾಲ್ಕು ಮೂಲೆಗಳಲ್ಲಿ ನಾಲ್ಕು, ಉದ್ದನೆಯ ಬದಿಗಳ ನಡುವೆ ಒಂದೊಂದು, ಹೀಗೆ ಆರು ಪಾಕೆಟ್ಟುಗಳಿರುವುದರಿಂದ ಪಟ್ಟಿಗಳೂ ಆರಾದುವು. ಪ್ರತಿಯೊಂದು ಪಟ್ಟಿಯ ಒಳಮೈಗೆ, ಹೆಚ್ಚುಕಡಮೆ ಮುಕ್ಕೋನದ ಆಕಾರದ ಉದ್ದನೆಯ ರಬ್ಬರೊಂದನ್ನು ಅಂಟಿಸಿ, ಅದರ ಮೇಲೆ ಉಣ್ಣೆಯ ಬಟ್ಟೆಯನ್ನು ಎಳೆದು ಕಟ್ಟಿರುತ್ತಾರೆ. ಈ ರಬ್ಬರೇ ಕುಷನ್. ಮುಂದಕ್ಕೆ ಚಾಚಿದ ಅದರ ಅಂಚಿಗೆ ಆಟಗಾರರು ಮೂಗು ಎಂದು ಹೆಸರಿಟ್ಟಿದ್ದಾರೆ. ಚೆಂಡು ತಾಗುವುದು ಈ ಮೂಗಿಗೆ.

ಹಣ ಬಿಚ್ಚುವ ಮೊದಲು ದೋಷ ನಿಜವಾಗಿಯೂ ರಬ್ಬರಿನದೇ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಎಷ್ಟೋ ಸಲ ತಪ್ಪಿತಸ್ಥನು ಬೋಲ್ಟು. ಬೋಲ್ಟು ಸಡಿಲವಾದ ಪಟ್ಟಿ ಚೆಂಡು ತಾಗಿದೊಡನೆ ತಾನೇ ಕೂದಲೆಳೆಯಷ್ಟು ಹಿಂದೆ ಸರಿದು ಅದರ ಶಕ್ತಿಯನ್ನು ನುಂಗಿಬಿಡುತ್ತದೆ. ಆಗ ಕೇಳಿಬರುವ ‘ದಬ್’ ಎಂಬ ಮಂದವಾದ ಸದ್ದೇ ಅದರ ಗುರುತು. ಒಂದು ತಿರುಪುಳಿ ಹಿಡಿದು ಕಾಲು ಗಂಟೆಯಲ್ಲಿ ಮುಗಿಸಬಹುದಾದ ಕೆಲಸಕ್ಕೆ ಆರು ಪಟ್ಟಿ ರಬ್ಬರು ಕೊಳ್ಳುವುದು ವಿವೇಕವಲ್ಲ. ಒಂದೇ ಒಂದು ಕಡೆಯಲ್ಲಿ ಚೆಂಡು ಸಾಯುತ್ತಿದ್ದರೆ ಅಲ್ಲಿ ಅಂಟು ಬಿಟ್ಟಿರಬಹುದು. ಆರೂ ಬದಿಗಳು ಒಂದೇ ರೀತಿ ಮಂಕಾಗಿದ್ದು, ಹೆಬ್ಬೆರಳಿನಿಂದ ಅದುಮಿದರೆ ಮೂಗು ಕಲ್ಲಿನಂತೆ ಬಿರುಸಾಗಿ ತೋರಿದರೆ, ಇಲ್ಲವೆ ಬಟ್ಟೆಯ ಕೆಳಗೆ ಪುಡಿಯಾಗುವ ಸದ್ದು ಕೇಳಿಸಿದರೆ, ಆಗ ರಬ್ಬರಿನ ಆಯುಸ್ಸು ಮುಗಿದಂತೆಯೇ ಸರಿ.

ರಬ್ಬರು ಹೀಗೆ ಮುದಿಯಾಗುವುದೇಕೆ? ಸುಳ್ಯ, ಪುತ್ತೂರುಗಳ ಕಡೆಯ ತೋಟಗಳಲ್ಲಿ ಮರದ ತೊಗಟೆಯನ್ನು ಗೀರಿ ಹಾಲು ಇಳಿಸುವುದನ್ನು ನಮ್ಮ ವಾಚಕರಲ್ಲಿ ಹಲವರು ಕಂಡಿದ್ದಾರೆ. ಆ ಹಾಲಿನಲ್ಲಿರುವುದು ಸುರುಳಿ ಸುತ್ತಿದ ನೂಲಿನಂಥ ಬಹಳ ಉದ್ದವಾದ ಅಣುಸರಪಳಿಗಳು. ಅವನ್ನು ಗಂಧಕದೊಡನೆ ಕಾಸಿದರೆ ಸರಪಳಿಗಳ ನಡುವೆ ಅಲ್ಲಲ್ಲಿ ಗಂಧಕದ ಬೆಸುಗೆಗಳು ಬೀಳುತ್ತವೆ. ಬೆಸುಗೆ ಹಿತವಾಗಿದ್ದಲ್ಲಿ ಒತ್ತಿದ ರಬ್ಬರು ಮೊದಲಿನ ಆಕಾರಕ್ಕೆ ಮರಳುತ್ತದೆ. ಅತಿಯಾದರೆ ಬಾಚಣಿಗೆ ಮಾಡುವ ಎಬೊನೈಟಿನಂತೆ ಗಡುಸಾಗುತ್ತದೆ. ಗಾಳಿಯ ಆಮ್ಲಜನಕವೂ ಓಜೋನೂ ವರ್ಷಗಟ್ಟಲೆ ಈ ಸರಪಳಿಗಳನ್ನು ಕಾಡಿ, ಕೆಲವನ್ನು ತುಂಡರಿಸಿ, ಕೆಲವನ್ನು ಬೇಡದ ಕಡೆಗಳಲ್ಲಿ ಬೆಸೆದುಬಿಡುತ್ತವೆ. ಶಾಖವಿದ್ದರೆ ಈ ಕಾರ್ಯ ಇನ್ನೂ ಬೇಗ. ಬಟ್ಟೆಯ ಮರೆಯಲ್ಲಿರುವ ಕುಷನ್ನಿಗೆ ಬಿಸಿಲು ತಟ್ಟದಿದ್ದರೂ ಗಾಳಿ ತಪ್ಪಿದ್ದಲ್ಲ.

ಕುಷನ್ನಿನ ಇತಿಹಾಸವೂ ಈ ಗಂಧಕದ ಸುತ್ತಲೇ ತಿರುಗಿದೆ. ಮೊದಮೊದಲು ಮೇಜಿನ ಅಂಚಿಗೆ ಬಟ್ಟೆಯ ಪದರಗಳನ್ನೂ ಕುದುರೆಯ ಕೂದಲನ್ನೂ ತುಂಬುತ್ತಿದ್ದರು. ಲಂಡನ್ನಿನ ಜಾನ್ ಥರ್ಸ್ಟನ್ ೧೮೩೫ರಲ್ಲಿ ರಬ್ಬರಿನ ಕುಷನ್ನನ್ನು ಬಳಕೆಗೆ ತಂದನು. ಆದರೆ ಹಸಿ ರಬ್ಬರು ಚಳಿಗೆ ಮರಗಟ್ಟುತ್ತಿದ್ದಿತು. ಆಟಕ್ಕೆ ಮುನ್ನ ಬಿಸಿನೀರಿನ ಲೋಹದ ಪಾತ್ರೆಗಳನ್ನು ಅಂಚಿಗೆ ಒತ್ತಿಟ್ಟು ಅದನ್ನು ಬೆಚ್ಚಗಾಗಿಸಬೇಕಾಗುತ್ತಿದ್ದಿತು. ಚಾರ್ಲ್ಸ್ ಗುಡ್‌ಇಯರ್ ೧೮೩೯ರಲ್ಲಿ ಗಂಧಕದ ಸಂಸ್ಕಾರವನ್ನು ಕಂಡುಹಿಡಿದು ೧೮೪೪ರಲ್ಲಿ ಅದಕ್ಕೆ ಪೇಟೆಂಟು ಪಡೆದ ಮೇಲೆಯೇ, ೧೮೪೫ರ ಹೊತ್ತಿಗೆ, ಚಳಿಗೆ ಜಗ್ಗದ ಕುಷನ್ನು ಮೇಜಿಗೆ ಬಂದುದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಥರ್ಸ್ಟನ್ನನು ರಬ್ಬರನ್ನು ತಂದ ಆ ೧೮೩೫ರಲ್ಲಿಯೇ ಪ್ಯಾರಿಸ್ಸಿನಲ್ಲಿ ಕೊರಿಯಾಲಿಸ್ ಎಂಬ ಗಣಿತಜ್ಞನು ಬಿಲಿಯರ್ಡ್ಸ್ ಆಟದ ಚೆಂಡುಗಳ ಚಲನೆಯನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದನು. ಭೂಮಿಯ ಗಾಳಿಗಳು ಬಾಗುವುದನ್ನು ವಿವರಿಸುವ ನಿಯಮಕ್ಕೆ ಹೆಸರು ಕೊಟ್ಟ ಕೊರಿಯಾಲಿಸನೇ ಈತ. ಗೋಲವೊಂದನ್ನು ನೆಲದಿಂದ ಅದರ ವ್ಯಾಸದ ಹತ್ತರಲ್ಲಿ ಏಳು ಪಾಲು ಎತ್ತರದಲ್ಲಿ ಅಡ್ಡಲಾಗಿ ತಳ್ಳಿದರೆ, ಅದು ಜಾರದೆ ಮೊದಲ ಕ್ಷಣದಿಂದಲೇ ಉರುಳತೊಡಗುತ್ತದೆ ಎಂಬುದು ಚಲನಶಾಸ್ತ್ರದ ಲೆಕ್ಕ. ಪೂಲ್ ಚೆಂಡಿನ ವ್ಯಾಸ ೫೭.೧೫ ಮಿಲಿಮೀಟರು, ಅದರ ಹತ್ತರಲ್ಲಿ ಏಳು ಪಾಲೆಂದರೆ ೪೦ ಮಿಲಿಮೀಟರು. ಹಾಗಾದರೆ ಕುಷನ್ನಿನ ಮೂಗನ್ನು ಅಷ್ಟು ಎತ್ತರದಲ್ಲಿಯೇ ಇಡಬೇಕಲ್ಲವೆ?

ಇಡುವುದಿಲ್ಲ. ವಿಶ್ವ ಪೂಲ್ ಬಿಲಿಯರ್ಡ್ ಸಂಘದ ನಿಯಮದಂತೆ ಮೂಗಿನ ಎತ್ತರ ಚೆಂಡಿನ ವ್ಯಾಸದ ಶೇಕಡ ೬೨.೫ರಿಂದ ೬೪.೫ರ ಒಳಗಿರತಕ್ಕದ್ದು, ಎಂದರೆ ೩೫.೭ರಿಂದ ೩೬.೯ ಮಿಲಿಮೀಟರು. ಕಾರಣ ಸರಳವಾದುದು. ಲೆಕ್ಕದಲ್ಲಿ ತಳ್ಳುವ ಬಲ ಪೂರ್ತಿಯಾಗಿ ಅಡ್ಡದಲ್ಲಿದೆಯೆಂದು ಊಹಿಸಿದ್ದೇವೆ. ಮೂಗಾದರೋ ಚೆಂಡಿನ ನಡುಮಟ್ಟಕ್ಕಿಂತ ಮೇಲೆ ತಾಗುವುದರಿಂದ ಅದನ್ನು ಹಿಂದಕ್ಕೆ ತಳ್ಳುವುದರ ಜೊತೆಗೆ ಕೆಳಕ್ಕೂ ಒತ್ತುತ್ತದೆ. ನಲವತ್ತು ಮಿಲಿಮೀಟರಿನಲ್ಲಿ ತಾಗಿದರೆ ಬಲದ ಹತ್ತರಲ್ಲಿ ನಾಲ್ಕು ಪಾಲು ಕೆಳಮುಖವಾಗಿ ಕಲ್ಲಿನ ಮೇಲೆ ಬಿದ್ದು, ಚೆಂಡು ಹಾಸಿಗೆ ಜಜ್ಜಿ ಕುಪ್ಪಳಿಸುವ ಸಂಭವವುಂಟು. ನಿಯಮದ ಎತ್ತರದಲ್ಲಿ ಈ ಪಾಲು ಕಾಲುಭಾಗಕ್ಕಿಂತ ಸ್ವಲ್ಪವೇ ಹೆಚ್ಚು. ಹಾಗೆಂದು ಮೂಗನ್ನು ತೀರ ತಗ್ಗಿಸಿದರೆ, ರಭಸದಿಂದ ಬಂದ ಚೆಂಡು ಅದರ ಮೇಲೇರಿ ಮೇಜಿನಿಂದಲೇ ಹೊರಗೆ ಹಾರಿಹೋದೀತು. ಎರಡು ಕೇಡುಗಳ ನಡುವೆ ಹಿಡಿದ ಹದ ಇದು. ಅದರ ಅಗಲ ಒಂದು ಮಿಲಿಮೀಟರಿಗಿಂತ ಚೂರು ಹೆಚ್ಚು, ಅಷ್ಟೆ. ಈ ಒಂದು ಮಿಲಿಮೀಟರಿನ ಮುಂದೆ ಮಾರುವವರು ಹೊಗಳುವ ಚುರುಕುತನದ ಬೆಲೆ ಎಷ್ಟರದು?

ಮೂಗಿನ ಎತ್ತರವನ್ನು ನಿಶ್ಚಯಿಸುವುದು ರಬ್ಬರು ಒಂದೇ ಅಲ್ಲ. ರಬ್ಬರಿನ ಅಡ್ಡಕೊಯ್ತದ ಆಕಾರ, ಅದು ಕೂರುವ ಮರದ ಎತ್ತರ, ಆ ಮರದ ಮುಖದ ಓರೆ, ಈ ಮೂರೂ ಸೇರಿ. ಈ ಆಕಾರಗಳಿಗೆ ಅಮೆರಿಕದ ಪೇಟೆಯಲ್ಲಿ ಗುರುತುಗಳಿವೆ. ಮನೆಯ ಮೇಜುಗಳಲ್ಲಿ ಹೆಚ್ಚಾಗಿ ಕಾಣುವುದು ಕೆ-೬೬; ಕೆಲವು ಮೇಜುಗಳಿಗೆ ಕೆ-೫೫; ಕೆಲವು ಹಳೆಯವಕ್ಕೆ ಯು-೨೩. ಕೆ-೬೬ಕ್ಕೆಂದು ಕೊರೆದ ಮರಕ್ಕೆ ಕೆ-೫೫ನ್ನು ಅಂಟಿಸಿದರೆ ಅಂಟಿಕೊಳ್ಳುವುದೇನೋ ಅಂಟಿಕೊಳ್ಳುತ್ತದೆ. ಮೂಗು ಮಾತ್ರ ತನ್ನ ಜಾಗದಲ್ಲಿರುವುದಿಲ್ಲ. ಇದನ್ನು ಸರಿಪಡಿಸಲು ಮರವನ್ನು ಹತ್ತರಿಯಿಂದ ಹೆರೆಯುವವರುಂಟು. ಒಮ್ಮೆ ಹೆರೆದ ಮರ ಮತ್ತೆ ಬೆಳೆಯುವುದಿಲ್ಲವಾದ್ದರಿಂದ ಈ ಸಾಹಸವನ್ನು ನಾವು ಒಪ್ಪೆವು.

ಆದುದರಿಂದ ಕೊಳ್ಳುವ ಮೊದಲು ಮೂರು ಅಳತೆಗಳನ್ನು ಬರೆದುಕೊಳ್ಳಬೇಕು. ಹಾಸಿನಿಂದ ಮೂಗಿನ ತುದಿಯವರೆಗಿನ ಎತ್ತರ ಒಂದು. ಬಟ್ಟೆ ಬಿಚ್ಚಿದ ಮೇಲೆ, ರಬ್ಬರು ಕೂರುವ ಮರದ ಮುಖದ ಎತ್ತರ ಮತ್ತೊಂದು. ಮೂರನೆಯದಾಗಿ, ಹಳೆಯ ಕುಷನ್ನಿನಿಂದ ಬಿಸ್ಕತ್ತಿನಷ್ಟು ದಪ್ಪದ ಹೋಳೊಂದನ್ನು ನೇರವಾಗಿ ಕೊಯ್ದು, ಕಾಗದದ ಮೇಲಿಟ್ಟು ಅದರ ಅಂಚನ್ನು ಪೆನ್ಸಿಲಿನಿಂದ ಬರೆಯಬೇಕು. ಮೇಜು ಮೊದಲಿನಿಂದಲೂ ಸರಿಯಾಗಿ ಆಡುತ್ತಿದ್ದು ಎತ್ತರವೂ ನಿಯಮದೊಳಗಿದ್ದರೆ ಆ ಚಿತ್ರಕ್ಕೆ ಹೊಂದುವ ಪಟ್ಟಿಯನ್ನೇ ಕೊಳ್ಳಬಹುದು. ಎತ್ತರ ನಿಯಮಕ್ಕೆ ಹೊರಗಿದ್ದರೆ ಹಿಂದೆ ಯಾರೋ ತಪ್ಪಾದ ರಬ್ಬರನ್ನು ಅಂಟಿಸಿರುವ ಸಂಭವವಿದೆ. ಆಗ ಹಳೆಯ ಹೋಳನ್ನು ನಂಬದೆ ಮರದ ಅಳತೆಯನ್ನೇ ನಂಬಬೇಕು.

ಇಲ್ಲಿ ಮಾರುವವರ ಮೇಲೆ ನಮ್ಮದೊಂದು ಆಕ್ಷೇಪವಿದೆ. ಪೊಟ್ಟಣದ ಮೇಲೆ ‘ಅತಿ ವೇಗ’, ‘ಪಂದ್ಯದ ದರ್ಜೆ’, ‘ನೂರಕ್ಕೆ ನೂರು ಸಹಜ ರಬ್ಬರು’ ಎಂಬ ಮಾತುಗಳು ದಪ್ಪಕ್ಷರದಲ್ಲಿರುತ್ತವೆ. ಕುಷನ್ನಿನ ರಬ್ಬರಿನಲ್ಲಿ ಸಾಮಾನ್ಯವಾಗಿ ಗಂಧಕವೂ ಬೆರೆತಿರುತ್ತದೆ. ಆದ್ದರಿಂದ ನೂರಕ್ಕೆ ನೂರು ಎಂಬುದನ್ನು ಅಕ್ಷರಶಃ ತೆಗೆದುಕೊಳ್ಳಬಾರದು. ಮರದ ಹಾಲಿನಿಂದಾದ ರಬ್ಬರು, ತುಂಬುದ್ರವ್ಯ ಕಡಮೆಯಿದ್ದಲ್ಲಿ, ಒತ್ತಿದ ಶಕ್ತಿಯಲ್ಲಿ ಬಹುಪಾಲನ್ನು ಹಿಂದಿರುಗಿಸುತ್ತದೆಂಬುದು ನಿಜ. ಮಸಿ ತುಂಬಿದ ಟೈರಿನ ರಬ್ಬರು ಬಾಳಿಕೆ ಬರುತ್ತದೆ, ಆದರೆ ಶಕ್ತಿಯನ್ನು ಶಾಖವಾಗಿ ಕಳೆದುಬಿಡುತ್ತದೆ. ಕುಷನ್ನಿಗೆ ಅದು ಸಲ್ಲದು. ಆದರೆ ಒಳ್ಳೆಯ ರಬ್ಬರೆಂಬುದು ತಿಳಿದಷ್ಟಕ್ಕೆ ಅದು ನಮ್ಮ ಮರಕ್ಕೆ ಒಪ್ಪುತ್ತದೆಂದು ತಿಳಿದಂತಾಗಲಿಲ್ಲ. ಒಂದೇ ಗುರುತಿನ ಪಟ್ಟಿಗಳು ಎರಡು ಕಾರ್ಖಾನೆಗಳಿಂದ ಬಂದಾಗ ಅಳತೆಯಲ್ಲಿ ಕಿಂಚಿತ್ ವ್ಯತ್ಯಾಸವಿರುವುದೂ ಉಂಟು. ಬೆನ್ನಿನ ಎತ್ತರ, ಮೂಗಿನ ಚಾಚು, ಶೋರ್ ಮಾನದಲ್ಲಿ ಗಡಸುತನ, ಈ ಮೂರು ಅಂಕೆಗಳನ್ನು ಪೊಟ್ಟಣದ ಮೇಲೆ ಅಚ್ಚುಹಾಕುವುದು ಯಾವ ತಯಾರಕನಿಗೂ ಭಾರವಾಗಲಾರದು. ಗೊಬ್ಬರದ ಚೀಲದ ಮೇಲೆ ಅಂಕೆಗಳನ್ನು ಓದಿ ಕೊಳ್ಳುವ ರೈತನಿಗಿಂತ ಮೇಜಿನ ಒಡೆಯನು ಕಡಮೆ ತಿಳಿವಳಿಕೆಯವನೇನೂ ಅಲ್ಲ.

ಆರಿಸುವಾಗ ಗಮನಿಸಬೇಕಾದ ಇನ್ನೊಂದು ಗುಣ ಸಮತೆ. ಒಂದು ಬದಿ ಬಲು ಚುರುಕು, ಮತ್ತೊಂದು ಸಾಧಾರಣ ಎಂದಾದರೆ ಆಟಗಾರನ ಲೆಕ್ಕವೆಲ್ಲ ಕೆಡುತ್ತದೆ. ಕೆಟ್ಟುಹೋದ ಒಂದೆರಡು ಪಟ್ಟಿಗಳನ್ನು ಮಾತ್ರ ಬದಲಿಸಿ ದುಡ್ಡು ಉಳಿಸುವುದು ಈ ಕಾರಣದಿಂದ ಸರಿಯಲ್ಲ. ಆರನ್ನೂ ಒಂದೇ ಕಡೆಯಿಂದ, ಸಾಧ್ಯವಾದರೆ ಒಂದೇ ಅಚ್ಚಿನವನ್ನು ಕೊಳ್ಳಬೇಕು. ಬೆನ್ನಿಗೂ ಮೇಲ್ಭಾಗಕ್ಕೂ ಕ್ಯಾನ್ವಾಸ್ ಬಟ್ಟೆಯನ್ನು ಅಚ್ಚಿನಲ್ಲಿಯೇ ಕೂಡಿಸಿದ ಪಟ್ಟಿ ಮೇಲು. ಅಂಟು ಚೆನ್ನಾಗಿ ಹಿಡಿಯುತ್ತದೆ, ಅಂಟಿಸುವಾಗ ರಬ್ಬರು ಎಳೆದುಕೊಳ್ಳುವುದೂ ಇಲ್ಲ.

ನಮ್ಮಲ್ಲಿ, ಬೆಂಗಳೂರಿನ ಕ್ಲಬ್ಬುಗಳಲ್ಲಿ, ಹೆಚ್ಚಾಗಿರುವುದು ಬಿಲಿಯರ್ಡ್ಸ್ ಮತ್ತು ಸ್ನೂಕರ್ ಮೇಜುಗಳು. ಅವುಗಳ ಚೆಂಡಿನ ವ್ಯಾಸ ೫೨.೫ ಮಿಲಿಮೀಟರು, ಮೂಗೂ ಅದಕ್ಕೆ ತಕ್ಕಂತೆ ತಗ್ಗು, ಕುಷನ್ನಿನ ಆಕಾರವೇ ಬೇರೆ. ಅಮೆರಿಕದ ನೆಂಟರು ಉಡುಗೊರೆಯಾಗಿ ತಂದ ಪೂಲ್ ರಬ್ಬರು ಸ್ನೂಕರ್ ಮೇಜಿಗೆ ಉಪಯೋಗಕ್ಕೆ ಬಾರದು.

ಜೋಡಿಸುವ ಕೆಲಸವನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಹಳೆಯ ಅಂಟನ್ನು ಮರ ಕಾಣುವವರೆಗೂ ಕೆರೆದು ತೆಗೆಯಬೇಕು. ಹೊಸ ಪಟ್ಟಿಯನ್ನು ಎಳೆಯದೆ, ತಾನಾಗಿ ಮಲಗುವಂತೆ ಅಂಟಿಸಬೇಕು. ಎಳೆದು ಅಂಟಿಸಿದ ರಬ್ಬರು ಅಲ್ಲಲ್ಲಿ ತೆಳುವಾಗಿ ಮೂಗು ಏರುಪೇರಾಗುತ್ತದೆ. ಪಾಕೆಟ್ಟಿನ ಬಳಿ ತುದಿಗಳನ್ನು ಮೂಲೆಗಳಲ್ಲಿ ೧೪೨ ಡಿಗ್ರಿಗೂ ನಡುವೆ ೧೦೪ ಡಿಗ್ರಿಗೂ ಕೊಯ್ಯುವುದು ನಿಯಮ. ಮರ ಅದಾಗಲೇ ಆ ಓರೆಯಲ್ಲಿದ್ದರೆ ಅದನ್ನೇ ಅನುಸರಿಸಿದರೆ ಸಾಕು. ಕೊಯ್ದ ಮುಖಕ್ಕೆ ಗಡಸಾದ ತೆಳು ರಬ್ಬರಿನ ಹೊದಿಕೆಯೊಂದನ್ನು ಅಂಟಿಸುವುದನ್ನು ಮರೆಯಬಾರದು. ಪಾಕೆಟ್ಟಿನ ಬಾಯಲ್ಲಿ ಏಟು ತಿನ್ನುವುದು ಅದೇ. ಬಟ್ಟೆಯನ್ನು ಹೇಗೂ ಬಿಚ್ಚಬೇಕಾಗುವುದರಿಂದ, ಬಟ್ಟೆ ಬದಲಿಸುವ ವರ್ಷವೇ ಕುಷನ್ನಿಗೂ ತಕ್ಕ ವರ್ಷ.

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆಯುಂಟು. ಬಿಳಿಯ ಚೆಂಡನ್ನು ಮೇಜಿನ ಉದ್ದಕ್ಕೆ, ಬಿರುಸಾಗಿ ಆದರೆ ಹತೋಟಿಯಲ್ಲಿ, ಹೊಡೆಯಬೇಕು. ಎಲ್ಲಿಯೂ ಕುಪ್ಪಳಿಸದೆ ಅದು ಮೇಜಿನ ಉದ್ದವನ್ನು ನಾಲ್ಕರಿಂದ ನಾಲ್ಕೂವರೆ ಸಲ ಕ್ರಮಿಸಿದರೆ ನಿಯಮದ ಅಪೇಕ್ಷೆ ಈಡೇರಿತು. ಬಳಿಕ ಹೊಸ ಪಟ್ಟಿಯಿಂದ ಉಳಿದ ಬೆರಳುದ್ದದ ತುಂಡಿನ ಮೇಲೆ ಅದರ ಗುರುತು, ಮೂಗಿನ ಎತ್ತರ, ಇಸವಿ ಇವನ್ನು ಬರೆದು, ಚೀಲದಲ್ಲಿ ಕಟ್ಟಿ, ಮೇಜಿನ ಕೆಳಗಿನ ಚೌಕಟ್ಟಿಗೆ ಮೊಳೆ ಹೊಡೆದು ತೂಗುಹಾಕಬಹುದು. ಮುಂದೆ ಆ ಮೇಜಿಗೆ ಒಡೆಯನಾಗುವವನು ಹೋಳು ಕೊಯ್ದು ಚಿತ್ರ ಬರೆಯುವ ಕೆಲಸ ತಪ್ಪುತ್ತದೆ.